ನಮ್ಮತ್ತೆ ಹೇಳಿಕೊಟ್ಟ ಹಾಗೇ

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿದರೆ ಊರಿಗೆ ಊರೇ ಹಣೆ ಒರೆಸಿಕೊಳ್ಳುತ್ತ ನೆರಳು ಹುಡುಕುತ್ತದೆ. ಪ್ರತಿ ಬೀದಿಯಲ್ಲೂ ಒಬ್ಬರು ಮಾತ್ರ ಆ ನೆರಳನ್ನೇ ಶತ್ರುವೆಂದು ತಿಳಿದು ಅದರ ಚಲನವಲನದ ಮೇಲೆ ಕಣ್ಣಿಟ್ಟಿರುತ್ತಾರೆ. ಬೆಳಿಗ್ಗೆ ಎಂಟಕ್ಕೆ ನೀರಿನ ಟ್ಯಾಂಕಿನ ನೆರಳು ಎಲ್ಲಿ ಬೀಳುತ್ತದೆ, ಹನ್ನೊಂದಕ್ಕೆ ಎಲ್ಲಿಗೆ ಸರಿಯುತ್ತದೆ, ಪಕ್ಕದವರು ಹೋದ ವರ್ಷ ಎಬ್ಬಿಸಿದ ಮೂರನೇ ಮಹಡಿ ತಮ್ಮ ತಾರಸಿಯ ಎಷ್ಟು ಬಿಸಿಲನ್ನು ನುಂಗಿತು, ಎಲ್ಲದರ ಲೆಕ್ಕ ಅವರಲ್ಲಿರುತ್ತದೆ. ಅವರೇ ಸಂಡಿಗೆ ದೊಡ್ಡಮ್ಮ. ವಯಸ್ಸು ಐವತ್ತೈದರಿಂದ ಎಂಬತ್ತರವರೆಗೆ ಎಷ್ಟಾದರೂ ಇರಬಹುದು. ಮಂಡಿನೋವು ಇದ್ದೇ ಇರುತ್ತದೆ. ಆದರೆ ಅದು ಡಾಕ್ಟರ ಶಾಪಿನ ಮೂರು ಮೆಟ್ಟಿಲಿಗೆ ಬರುವ ನೋವೇ ಹೊರತು ತಾರಸಿಯ ಮೂವತ್ತು ಮೆಟ್ಟಿಲಿಗೆ ಬರುವಂಥದ್ದಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿ ನಗರವೆಲ್ಲ ಗೋಳಾಡಿದಾಗ, 'ಒಂದೇ ದಿನಕ್ಕೆ ಗಲಗಲ ಅಂತ ಒಣಗಿತು' ಎಂದು ಹಿಗ್ಗಿದ ಪಂಗಡ ಇವರದು. ಧಾರವಾಡ, ವಿಜಯಪುರದ ಕಡೆ ಇವರ ಕೈಯಲ್ಲಿ ಶಾವಿಗೆ, ಕುರಡಗಿ. ಶಿರಸಿ, ಪುತ್ತೂರಿನ ಕಡೆ ಹಲಸಿನ ಹಪ್ಪಳ, ಮಾಂಬಳ. ಮೈಸೂರು, ತುಮಕೂರಿನ ಕಡೆ ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿ. ಸರಕು ಬೇರೆಯಾದರೂ ಆಸಾಮಿ ಒಬ್ಬರೇ.

ಸಂಡಿಗೆ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ ದೊಡ್ಡಮ್ಮ ಕೊಡುವ ಉತ್ತರ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ: 'ನಂದೇನಿದೆ ಇದರಲ್ಲಿ, ನಮ್ಮತ್ತೆ ಹೇಳಿಕೊಟ್ಟ ಹಾಗೇ ಮಾಡೋದು.' ಈ ವಿನಯದ ಮಾತನ್ನು ನಾವು ಅಕ್ಷರಶಃ ನಂಬಿ ಕೆಟ್ಟಿದ್ದೇವೆ. ಸೃಜನಶೀಲತೆ ಎಂಬ ತೂಕದ ಬಿರುದನ್ನು ಕವಿಗಳಿಗೆ, ಸಿನಿಮಾದವರಿಗೆ, ಈಚೆಗೆ ಜಾಹೀರಾತು ಕಂಪನಿಯವರಿಗೆ ಹಂಚಿಬಿಟ್ಟು, ದೊಡ್ಡಮ್ಮನ ಪಾಲಿಗೆ 'ಕೈರುಚಿ' ಎಂಬ ಚಿಲ್ಲರೆ ಉಳಿಸಿದ್ದೇವೆ. ಹಳಬರು ಇಷ್ಟು ಜಿಪುಣರಾಗಿರಲಿಲ್ಲ. 16ನೆಯ ಶತಮಾನದ ಆರಂಭದಲ್ಲಿದ್ದ ಮಂಗರಸ ಅಡುಗೆಯನ್ನೇ ವಸ್ತುವಾಗಿಟ್ಟುಕೊಂಡು ಷಟ್ಪದಿಯಲ್ಲಿ 'ಸೂಪಶಾಸ್ತ್ರ' ಬರೆದ. ಕನ್ನಡ ಕಾವ್ಯ ಒಲೆಯ ಮುಂದೆ ಕೂರಲು ನಾಚಲಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಇಷ್ಟೇ: ದೊಡ್ಡಮ್ಮ ಸುಳ್ಳು ಹೇಳುತ್ತಾರೆ. ಅತ್ತೆ ಹೇಳಿಕೊಟ್ಟ ಹಾಗೆ ಅವರು ಒಂದು ಬೇಸಿಗೆಯಲ್ಲೂ ಮಾಡಿದವರಲ್ಲ. ಅವರ ಅತ್ತೆಯೂ ಮಾಡಿರಲಿಲ್ಲ. ಪ್ರತಿ ವರ್ಷ ಒಂದಿಷ್ಟು ಬದಲಾಯಿಸಿ, ಅದನ್ನು ಅತ್ತೆಯ ಹೆಸರಿನಲ್ಲಿ ಜಮಾ ಮಾಡುವ ಈ ಕಳ್ಳ ಲೆಕ್ಕವೇ ನಮ್ಮಲ್ಲಿ ದಿನನಿತ್ಯದ ಸೃಜನಶೀಲತೆ ಬೆಳೆದುಬಂದ ದಾರಿ.

ಸಾಬಕ್ಕಿ ಸಂಡಿಗೆಯನ್ನೇ ತೆಗೆದುಕೊಳ್ಳಿ. ಮದುವೆ ಮನೆಯ ಎಲೆಯಲ್ಲಿ ಅದು ಕೂರುವ ಠೀವಿ ನೋಡಿದರೆ ವೇದಕಾಲದಿಂದಲೂ ಅಲ್ಲೇ ಕೂತಿದೆ ಅನ್ನಿಸಬೇಕು. ಅಸಲಿಗೆ ಸಾಬಕ್ಕಿ ಹಿಂದೆ ಆಗ್ನೇಯ ಏಷ್ಯಾದ ಒಂದು ತಾಳೆ ಜಾತಿಯ ಮರದ ತಿರುಳಿನಿಂದ ತಯಾರಾಗಿ ಹಡಗು ಹತ್ತಿ ಬರುತ್ತಿದ್ದ ಸಾಮಾನು. ಎರಡನೆಯ ಮಹಾಯುದ್ಧದಲ್ಲಿ ಆಮದು ನಿಂತಾಗ ಸೇಲಂ ಸುತ್ತಮುತ್ತ ಮರಗೆಣಸಿನ ಪಿಷ್ಟದಿಂದ ಅದನ್ನು ಮಾಡತೊಡಗಿದರು. ಆ ಮರಗೆಣಸಿನ ತವರು ದಕ್ಷಿಣ ಅಮೆರಿಕ. ಹಿಟ್ಟಿಗೆ ಅರೆದು ಹಾಕುವ ಮೆಣಸಿನಕಾಯಿ ಪೋರ್ಚುಗೀಸರ ಜೊತೆ 16ನೆಯ ಶತಮಾನದಲ್ಲಿ ಬಂದದ್ದು. ಆಲೂಗಡ್ಡೆ ಹಪ್ಪಳದ ಆಲೂಗಡ್ಡೆಯೂ ಅದೇ ಖಂಡದ ನೆಂಟ. ಅಂದರೆ ಯಾವುದೋ ಬೇಸಿಗೆಯಲ್ಲಿ ಯಾವಳೋ ಒಬ್ಬ ಸೊಸೆ, ಅತ್ತೆ ಮಧ್ಯಾಹ್ನ ಅಡ್ಡಾಗಿದ್ದ ಹೊತ್ತು ನೋಡಿ, ಅಕ್ಕಿಯ ಪಾತ್ರೆಗೆ ಈ ಪರದೇಶಿ ಕಾಳನ್ನು ಸುರಿದಿರಲೇಬೇಕು. ಕರಿದಾಗ ಹೂವಾಗಿ ಅರಳಿತು. ಅತ್ತೆ ಎದ್ದು ತಿಂದು 'ಪರವಾಗಿಲ್ಲ' ಎಂದಿರಬೇಕು. ಇಪ್ಪತ್ತು ವರ್ಷವಾದ ಮೇಲೆ ಅದೇ ಸೊಸೆ ತಾನೂ ಅತ್ತೆಯಾಗಿ, ಇದು ನಮ್ಮ ಮನೆತನದ ಪದ್ಧತಿ ಎಂದು ತನ್ನ ಸೊಸೆಗೆ ಕಟ್ಟಪ್ಪಣೆ ಮಾಡಿರುತ್ತಾಳೆ. ಸಂಪ್ರದಾಯ ಎಂದು ನಾವು ಕೈಮುಗಿಯುವುದರ ಒಳಗೆ ಇಂಥ ಎಷ್ಟು ಮಧ್ಯಾಹ್ನದ ಕಿತಾಪತಿಗಳು ಸೇರಿವೆಯೋ.

ಮನಶ್ಶಾಸ್ತ್ರದವರು ಈ ವಿಷಯಕ್ಕೆ ತಡವಾಗಿ ಬಂದರು. 1950ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿ ಮಾತನಾಡುತ್ತ ಜೆ.ಪಿ. ಗಿಲ್‌ಫರ್ಡ್, ತಮ್ಮ ಶಾಸ್ತ್ರ ಸೃಜನಶೀಲತೆಯನ್ನು ಮರೆತೇ ಕೂತಿದೆ ಎಂದು ದೂರಿದರು. ಮುಂದೆ ಅವರ ಹೆಸರಿನೊಂದಿಗೆ ಪ್ರಸಿದ್ಧವಾದ ಪರೀಕ್ಷೆ ಬಹಳ ಸರಳ: ಒಂದು ಇಟ್ಟಿಗೆಯನ್ನು ಏನೇನಕ್ಕೆಲ್ಲ ಬಳಸಬಹುದು, ಹೇಳಿ. ಹೆಚ್ಚು ಹೇಳಿದವರಿಗೆ, ಯಾರೂ ಹೇಳದ್ದನ್ನು ಹೇಳಿದವರಿಗೆ ಹೆಚ್ಚು ಅಂಕ. ದೊಡ್ಡಮ್ಮನನ್ನು ಈ ಪರೀಕ್ಷೆಗೆ ಕೂರಿಸಿದರೆ ಪರೀಕ್ಷಕರಿಗೆ ಹಾಳೆ ಸಾಲದು. ಇಟ್ಟಿಗೆ ಪ್ಲಾಸ್ಟಿಕ್ ಹಾಳೆಯ ಮೂಲೆ ಹಾರದಂತೆ ಒತ್ತುತ್ತದೆ. ಮಂಚದ ಒಂದು ಕಾಲನ್ನು ಎತ್ತಿ ಹಪ್ಪಳವನ್ನು ಸೂರ್ಯನ ಕಡೆ ವಾಲಿಸುತ್ತದೆ. ಮೇಲೊಂದು ಮಣೆ ಹೇರಿದರೆ ಸುರುಟಿದ ಹಪ್ಪಳವನ್ನು ನೆಟ್ಟಗೆ ಮಾಡುತ್ತದೆ. ಇಟ್ಟಿಗೆಯೊಂದೇ ಏಕೆ? ಹಾಲಿನ ಕವರನ್ನು ತೊಳೆದು ಮೂಲೆ ಕತ್ತರಿಸಿದರೆ ಸಂಡಿಗೆ ಬಿಡುವ ಕೊಳವೆ. ಮೊಮ್ಮಗ ಎಸೆದ ಸಿ.ಡಿ.ಗಳನ್ನು ದಾರಕ್ಕೆ ಪೋಣಿಸಿ ತೂಗಿಬಿಟ್ಟರೆ ಕಾಗೆಯ ಕಣ್ಣು ಕುಕ್ಕುವ ಆಯುಧ. ಹರಿದ ಸೊಳ್ಳೆ ಪರದೆ ಅಳಿಲುಗಳ ವಿರುದ್ಧ ಕೋಟೆ. ಹಳೆಯ ಕಾಟನ್ ಸೀರೆಯಂತೂ ಸಂಡಿಗೆಯ ಹಾಸಿಗೆ. ಒಣಗಿದ ಮೇಲೆ ಮಗುಚಿ ಬೆನ್ನಿಗೆ ನೀರು ಚಿಮುಕಿಸಿದರೆ ಸಂಡಿಗೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಒಂದು ವಸ್ತುವನ್ನು ಅದರ ಹುಟ್ಟುಕೆಲಸದಿಂದ ಬಿಡಿಸಿ ಬೇರೆ ಕೆಲಸಕ್ಕೆ ಹಚ್ಚುವ ಬುದ್ಧಿಯೇ ಸೃಜನಶೀಲತೆಯಾದರೆ, ಆ ಶಾಸ್ತ್ರದ ಪ್ರಯೋಗಶಾಲೆ ಇರಬೇಕಾದದ್ದು ತಾರಸಿಯಲ್ಲಿ.

ಅಷ್ಟಕ್ಕೇ ಒಪ್ಪದವರು ಇದ್ದಾರೆ. ಉಪಕರಣದಲ್ಲಿ ಜಾಣತನ ಇರಬಹುದು, ಆದರೆ ಸಂಡಿಗೆ ಮಾತ್ರ ವರ್ಷಾ ವರ್ಷ ಅದೇ ತಾನೆ, ಪುನರಾವರ್ತನೆಯಲ್ಲಿ ಸೃಷ್ಟಿ ಎಲ್ಲಿ ಬಂತು ಎನ್ನುತ್ತಾರೆ. ಇವರು ಒಮ್ಮೆಯೂ ಹಿಟ್ಟು ಕಾಯಿಸಿದವರಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅಕ್ಕಿಯ ಪಿಷ್ಟ ಸುಮಾರು 60ರಿಂದ 80 ಡಿಗ್ರಿಯ ನಡುವೆ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಬಿಸಿಲಿಗೆ ಒಣಗಿ ಗಟ್ಟಿಯಾದರೂ ಒಳಗೆ ಚೂರು ತೇವ ಹಿಡಿದಿಟ್ಟುಕೊಳ್ಳುತ್ತದೆ. ಕಾದ ಎಣ್ಣೆಗೆ ಬಿದ್ದ ಕ್ಷಣ ಆ ತೇವ ಹಬೆಯಾಗುತ್ತದೆ. ನೀರು ಹಬೆಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಆ ರಭಸಕ್ಕೆ ಸಂಡಿಗೆ ಅರಳುತ್ತದೆ. ತೇವ ಹೆಚ್ಚು ಉಳಿದರೆ ಹಲ್ಲಿಗೆ ಅಂಟುತ್ತದೆ, ತೀರಾ ಆರಿಹೋದರೆ ಅರಳಿಸಲು ಹಬೆಯೇ ಇರುವುದಿಲ್ಲ. ಈ ಎರಡರ ನಡುವಿನ ಸಣ್ಣ ಜಾಗಕ್ಕೆ ದೊಡ್ಡಮ್ಮ ಇಟ್ಟಿರುವ ಹೆಸರು ಹದ. ಈ ಸಲದ ಅಕ್ಕಿ ಹೊಸದು, ಹೆಚ್ಚು ನೀರು ತಡೆಯದು. ನಿನ್ನೆ ಸಂಜೆ ಮಾವಿನ ಮಳೆ ಬಿದ್ದು ಗಾಳಿಯಲ್ಲಿ ತೇವವಿದೆ. ಹೊಸ ಸ್ಟೌವಿನ ಉರಿ ಜೋರು. ಇವೆಲ್ಲ ದಿನದಿನಕ್ಕೂ ಬದಲಾಗುವಾಗ ಕೊನೆಗೆ ಅದೇ ಸಂಡಿಗೆ ಬರಬೇಕಾದರೆ ಮಾಡುವವರು ಪ್ರತಿ ದಿನ ಬೇರೆಯಾಗಿಯೇ ಮಾಡಬೇಕು. ಒಣಗಿದ್ದೊಂದನ್ನು ಮುರಿದು 'ಟಕ್' ಎಂಬ ಸದ್ದಿನಲ್ಲಿ ಅವರು ಓದುವುದನ್ನು ತೇವಮಾಪಕ ಅಂಕಿಯಲ್ಲಿ ಹೇಳೀತು. ನಾಳೆ ನೀರು ಎಷ್ಟು ಕಡಿಮೆ ಮಾಡಬೇಕೆಂದು ಹೇಳಲಾರದು. ಅಳತೆ ಕೇಳಿದವರಿಗೆ 'ಕಣ್ಣಂದಾಜು' ಎಂಬ ಉತ್ತರ ಸಿಗುವುದು ಗುಟ್ಟು ಮುಚ್ಚಿಡುವುದಕ್ಕಲ್ಲ. (ಕೆಲವರ ವಿಷಯದಲ್ಲಿ ಅದೂ ಉಂಟು, ವಾರಗಿತ್ತಿ ಕೇಳಿದಾಗ ಅಂದಾಜು ಇನ್ನಷ್ಟು ಮಸುಕಾಗುವುದನ್ನು ಗಮನಿಸಬೇಕು.)

ಮಕ್ಕಳ ವಿಷಯಕ್ಕೆ ಬಂದರೆ ದೊಡ್ಡಮ್ಮನ ಎದುರು ಪಕ್ಷದಲ್ಲಿ ಬೇಸಿಗೆ ಶಿಬಿರ ನಿಂತಿದೆ. ಅಲ್ಲಿ ಹತ್ತರಿಂದ ಹನ್ನೆರಡೂವರೆವರೆಗೆ ಸೃಜನಶೀಲತೆ, ಹನ್ನೆರಡೂವರೆಗೆ ತಿಂಡಿ ಡಬ್ಬಿ. ಕೊಟ್ಟ ಕಿಟ್ ಒಡೆದು ಮೂವತ್ತು ಮಕ್ಕಳು ಮೂವತ್ತು ಒಂದೇ ತರಹದ ಗೂಬೆ ಅಂಟಿಸುತ್ತಾರೆ; ಸಂಜೆ ಮೂವತ್ತು ತಂದೆಯರು ತಮ್ಮ ಮಗುವಿನ ಗೂಬೆ ಬೇರೆಯೇ ಎಂದು ಸ್ಟೇಟಸ್ ಹಾಕುತ್ತಾರೆ. ಎಲ್ಲ ಶಿಬಿರವೂ ಹೀಗೆಂದರೆ ತಪ್ಪಾಗುತ್ತದೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥ ಕಡೆ ಮಕ್ಕಳು ನಿಜವಾಗಿಯೂ ಕುಣಿದು ಕೆಡವುತ್ತಾರೆ, ಮತ್ತು ತಂದೆತಾಯಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಶಿಬಿರ ಬಿಟ್ಟು ಬೇರೆ ಗತಿ ಇರುವುದಿಲ್ಲ. ಆದರೆ ದೊಡ್ಡಮ್ಮನ ಶಿಬಿರದಲ್ಲಿ ಪಠ್ಯವೇ ಇಲ್ಲದಿರುವುದು ಅದರ ದೊಡ್ಡ ಬಲ. ಕೈಗೊಂದು ಕೋಲು ಕೊಟ್ಟು 'ಕಾಗೆ ನೋಡ್ಕೋ' ಎಂದು ಮಗುವನ್ನು ನೆರಳಿಗೆ ಕೂರಿಸುತ್ತಾರೆ. ಹತ್ತು ನಿಮಿಷಕ್ಕೆ ಬೇಸರ ಹಿಡಿಯುತ್ತದೆ. ಆ ಬೇಸರವೇ ಬೇಕಾದದ್ದು. ಇಂಗ್ಲೆಂಡಿನ ಸ್ಯಾಂಡಿ ಮಾನ್ ಮತ್ತು ರೆಬೆಕಾ ಕ್ಯಾಡ್‌ಮನ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರಿಗೆ ಮೊದಲು ಟೆಲಿಫೋನ್ ಡೈರೆಕ್ಟರಿಯಿಂದ ನಂಬರು ನಕಲು ಮಾಡುವ ಶಿಕ್ಷೆ ಕೊಟ್ಟು, ಆಮೇಲೆ ಪ್ಲಾಸ್ಟಿಕ್ ಲೋಟಗಳ ಉಪಯೋಗ ಕೇಳಿದರು. ಬೇಸತ್ತವರಿಗೆ ಬೇಸರಪಡದವರಿಗಿಂತ ಹೆಚ್ಚು ಉಪಾಯ ಹೊಳೆದವು. ಕಾಗೆ ಕಾಯುವ ಮಗು ಮೊದಲು ಸಂಡಿಗೆ ಎಣಿಸುತ್ತದೆ, ಆಮೇಲೆ ಅವುಗಳಲ್ಲಿ ಮೊಲ, ಆನೆ, ಗಣಿತದ ಮೇಷ್ಟ್ರು ಕಾಣುತ್ತಾರೆ. ಆಮೇಲೆ ಅರೆ ಒಣಗಿದ್ದನ್ನು ಕದ್ದು ತಿಂದು, ಖಾಲಿ ಜಾಗ ಕಾಣದಂತೆ ಸುತ್ತಲಿನವನ್ನು ಸರಿಸಿಡುವ ವಿನ್ಯಾಸ ಕಲಿಯುತ್ತದೆ. ದೊಡ್ಡಮ್ಮನಿಗೆ ಎಲ್ಲ ಗೊತ್ತು. ಕಳ್ಳರ ಪಾಲನ್ನು ಅಕ್ಕಿ ನೆನೆಹಾಕುವಾಗಲೇ ಸೇರಿಸಿರುತ್ತಾರೆ.

ಈ ಹೊಗಳಿಕೆಗೆಲ್ಲ ಒಂದು ಗಂಭೀರ ಆಕ್ಷೇಪಣೆಯಿದೆ. ಅದನ್ನು ನಗೆಯಲ್ಲಿ ತೇಲಿಸಲು ಬರುವುದಿಲ್ಲ. ಸೊಂಟ ಮುರಿಯುವ ಚಾಕರಿಗೆ ಕಲೆಯ ಪಟ್ಟ ಕಟ್ಟಿ ಹೆಂಗಸರ ಕೈಯಲ್ಲಿ ಪುಕ್ಕಟೆ ದುಡಿಸಿಕೊಳ್ಳುವ ಹಳೆಯ ಉಪಾಯ ಇದು ಎನ್ನುವವರ ಮಾತು ಬಹುಪಾಲು ನಿಜ. ಕೂಡು ಕುಟುಂಬಗಳಲ್ಲಿ ಮದುವೆಗೆಂದು ನೂರುಗಟ್ಟಲೆ ಹಪ್ಪಳ ಲಟ್ಟಿಸಿದ ಸೊಸೆಯರಿಗೆ ಸಿಕ್ಕಿದ್ದು ಕೈನೋವು. ಹೆಸರು ಬಂದದ್ದು ಮನೆತನಕ್ಕೆ. ಅದೇ ಹಪ್ಪಳವನ್ನು 1959ರ ಮಾರ್ಚ್ 15ರಂದು ಮುಂಬಯಿಯ ಗಿರ್ಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ತಾರಸಿಯ ಮೇಲೆ ಲಟ್ಟಿಸಿದಾಗ ಲಿಜ್ಜತ್ ಹುಟ್ಟಿತು. ಅಲ್ಲಿಯೂ ಉದ್ದು ಅದೇ, ಲಟ್ಟಣಿಗೆ ಅದೇ, ಬಿಸಿಲೂ ಅದೇ. ಎಷ್ಟು ಮಾಡಬೇಕು, ಬಂದ ದುಡ್ಡು ಯಾರ ಕೈಗೆ ಎಂದು ತೀರ್ಮಾನಿಸುವವರು ಮಾತ್ರ ಬದಲಾದರು. ಆದ್ದರಿಂದ ಯಾವ ಮನೆಯ ಸಂಡಿಗೆ ಚಾಕರಿ, ಯಾವುದು ಸಂತೋಷ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ದೊಡ್ಡಮ್ಮ 'ಈ ವರ್ಷ ಬೇಡ' ಎಂದರೆ ಮನೆಯಲ್ಲಿ ಯಾರಾದರೂ ಮುಖ ಊದಿಸುತ್ತಾರೆಯೇ? ಊದಿಸುವುದಾದರೆ ಅವರನ್ನೇ ಮರುದಿನ ಬೆಳಿಗ್ಗೆ ಆರಕ್ಕೆ ಹಿಟ್ಟಿನ ಪಾತ್ರೆಯೊಂದಿಗೆ ತಾರಸಿಗೆ ಅಟ್ಟುವುದು ಸರಿಯಾದ ಚಿಕಿತ್ಸೆ. ಅಂಗಡಿಯಲ್ಲಿ ಸಂಡಿಗೆ ಸಿಗತೊಡಗಿದ ಮೇಲೆ ಮನೆಯಲ್ಲಿ ಮಾಡಲೇಬೇಕೆಂಬ ಕಟ್ಟು ಸಡಿಲವಾಯಿತು. ಅಂಗಡಿ ಸಂಡಿಗೆಗೆ ದೊಡ್ಡಮ್ಮ ಎಷ್ಟೇ ಮೂಗು ಮುರಿಯಲಿ, ಅವರ ಕೆಲಸವನ್ನು ಹವ್ಯಾಸದ ಮಟ್ಟಕ್ಕೆ ಏರಿಸಿದ ಉಪಕಾರ ಅದರದೇ.

ಇನ್ನು ಈಗ ತಾರಸಿ ಎಲ್ಲಿದೆ ಎನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಪಾರ್ಟ್‌ಮೆಂಟಿನ ಸಂಘದವರು ತಾರಸಿಯಲ್ಲಿ ತಿನಿಸು ಒಣಗಿಸಬಾರದೆಂದು ವಾಟ್ಸ್ಆ್ಯಪ್‌ನಲ್ಲಿ ಸುತ್ತೋಲೆ ಹೊರಡಿಸುತ್ತಾರೆ. ಬಟ್ಟೆ ಒಣಗಿಸುವ ಸ್ಟ್ಯಾಂಡು ಬಾಲ್ಕನಿಯಲ್ಲಿ ತಟ್ಟೆಗಳ ಮೂರಂತಸ್ತಿನ ಗೋಪುರವಾಗುತ್ತದೆ. ಬಿಸಿಲಿಗೆ ನಿಂತ ಕಾರಿನ ನೆತ್ತಿಯ ಮೇಲೆ ಅರಳು ಸಂಡಿಗೆ ಕಾಣಿಸಿಕೊಳ್ಳುತ್ತದೆ, ಕಾರು ಸಂಘದ ಕಾರ್ಯದರ್ಶಿಯದೇ ಆಗಿದ್ದರೂ. ಮಗನ ಮನೆಗೆಂದು ನ್ಯೂಜೆರ್ಸಿಗೆ ಹೋದ ದೊಡ್ಡಮ್ಮ ಜುಲೈ ತಿಂಗಳಲ್ಲಿ ಹಿತ್ತಲಿನ ಮರದ ಜಗಲಿಯನ್ನು ವಶಪಡಿಸಿಕೊಳ್ಳುತ್ತಾರೆ. ವೈರಿ ಮಾತ್ರ ಅಲ್ಲಿ ಬೇರೆ, ಬೆಕ್ಕಿನ ಗಾತ್ರದ ಅಳಿಲು.

ದೊಡ್ಡಮ್ಮನ ವಿರುದ್ಧ ನಿಲ್ಲಬಲ್ಲ ಗಟ್ಟಿ ಆರೋಪವೊಂದಿದೆ, ಅದನ್ನು ಅವರ ಸೊಸೆಯೇ ಸಲ್ಲಿಸಬೇಕು. ತಾನು ಅತ್ತೆಯ ಕಣ್ಣು ತಪ್ಪಿಸಿ ಮಾಡಿದ್ದನ್ನೆಲ್ಲ ಅವರು ಸೊಸೆಗೆ ನಿಷೇಧಿಸುತ್ತಾರೆ. ಸೊಸೆ ರಾಗಿ ಹಿಟ್ಟು ಬೆರೆಸೋಣವೆಂದರೆ 'ಅರಳಲ್ಲ'; ಬೀಟ್‌ರೂಟ್ ರಸ ಎಂದರೆ 'ಅಸಹ್ಯ'; ಪುದೀನ ಎಂದರೆ ಮೌನ. ಮೌನಕ್ಕೆ 'ನಾನು ಮದುವೆಯಾಗಿ ಬಂದಾಗ ಇದನ್ನು ಮಾಡಿ ಬೈಸಿಕೊಂಡಿದ್ದೇನೆ' ಎಂಬ ಅರ್ಥವಿರುವ ಸಾಧ್ಯತೆ ಹೆಚ್ಚು. ಸೃಜನಶೀಲತೆಯನ್ನು ಪೋಷಿಸುವುದು ಎಂದು ಈಗ ಬಹಳ ದೊಡ್ಡ ಮಾತು ಕೇಳುತ್ತೇವೆ. ತಾರಸಿಯ ಮಟ್ಟಿಗೆ ಅದಕ್ಕೆ ಬೇಕಾದದ್ದು ಕೆಟ್ಟರೆ ಕೆಡಲಿ ಎಂದು ಬಿಟ್ಟುಕೊಟ್ಟ ಒಂದು ಸೇರು ಅಕ್ಕಿ ಮತ್ತು ಕೆಳಗೆ ಇಳಿದು ಹೋಗಿ ಕಾಫಿ ಕುಡಿಯುವ ಸಂಯಮ. ಅಕ್ಕಿಯ ಬೆಲೆ ಯಾವ ಶಿಬಿರದ ಶುಲ್ಕಕ್ಕಿಂತಲೂ ಕಡಿಮೆ, ಸಂಯಮವೇ ತುಟ್ಟಿ. ಒಡೆದು ಚೂರಾದ ಹಪ್ಪಳ ಗೊಜ್ಜಿಗಾಯಿತು, ಅರಳದ ಸಂಡಿಗೆಯನ್ನು ಮಕ್ಕಳು ಹಲ್ಲಿನ ಬಲ ಪರೀಕ್ಷಿಸಲು ಒಯ್ಯುತ್ತಾರೆ. ಹೊಸದೇನೋ ಮಾಡಲು ಹೊರಟ ಸೊಸೆಯನ್ನು 'ಕೆಟ್ಟರೆ ಕಾಗೆಯೂ ಮೂಸುವುದಿಲ್ಲ ನೋಡು' ಎಂದು ದೊಡ್ಡಮ್ಮ ಹೆದರಿಸುತ್ತಾರೆ. ಸೊಸೆ ಹೆದರಬೇಕಾಗಿಲ್ಲ. ಕಾಗೆ ಏನನ್ನಾದರೂ ತಿನ್ನುತ್ತದೆ.