ಬೀದಿಗೊಂದು ಬಿಸ್ಟ್ರೋ ಬಂತು

ಬಸವನಗುಡಿಯ ನಮ್ಮ ಬೀದಿಗೆ ಬಿಸ್ಟ್ರೋ ಬಂದಿದೆ. ಮೊದಲ ವಾರ ನಾನದನ್ನು ಬಿಸ್ಕತ್ತಿನ ಅಂಗಡಿ ಎಂದೇ ತಿಳಿದಿದ್ದೆ. ಗಾಜಿನ ಗೋಡೆ, ಮಬ್ಬು ದೀಪ, 12 ಮೇಜು. ಗಿರಾಕಿ ಮಾತ್ರ ಸೊನ್ನೆ. ಮಾಲೀಕ ಹುಡುಗ ಮದುವೆಮನೆ ಬಾಗಿಲಲ್ಲಿ ಪನ್ನೀರುದಾನಿ ಹಿಡಿದವನಂತೆ ರಸ್ತೆಯನ್ನೇ ನೋಡುತ್ತಿರುತ್ತಾನೆ. ಕರುಳು ಚುರುಕ್ ಎಂದು ಒಂದು ಸಂಜೆ ಒಳಗೆ ಹೋದೆ.

"ಬನ್ನಿ ಬನ್ನಿ ಅಂಕಲ್!" ಮೂವರು ವೇಟರುಗಳು ಒಟ್ಟಿಗೇ ಕುರ್ಚಿ ಎಳೆದರು. ಮೆನುವಿನಲ್ಲಿ ನನಗೆ ಓದಲು ಬಂದದ್ದು ಬೆಲೆಯೊಂದೇ. ಕಾಫಿಗೆ 220 ರೂಪಾಯಿ!

"ಬೈಟೂ ಮಾಡ್ತೀರೇನಪ್ಪಾ?"

"ಒಬ್ರೇ ಇದೀರಲ್ಲ ಅಂಕಲ್?"

"ಇನ್ನರ್ಧ ನೀನು ಕುಡಿ."

ಮಾಲೀಕ ಹುಡುಗನ ಅಡುಗೆಯಲ್ಲಿ ತಪ್ಪಿಲ್ಲ, ಜಾಗದ್ದೇ ತಪ್ಪು. ಹತ್ತಿರದಲ್ಲೇ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, 1943ರದ್ದು. ಅಲ್ಲಿ ದೋಸೆಗೆ ಹೆಸರು ಬರೆಸಿ ಬಾಗಿಲಲ್ಲಿ ಕಾಯುವುದೇ ಒಂದು ಗೌರವ. ಕಾಯಿಸದ ಹೋಟೆಲನ್ನು ನಮ್ಮವರು ನಂಬುವುದಿಲ್ಲ. ಖಾಲಿ ಕುರ್ಚಿ ಕಂಡರೆ ಸಾಂಬಾರು ಹಳಸಿದೆ ಎಂದೇ ಲೆಕ್ಕ. (ಬಿಸ್ಟ್ರೋದಲ್ಲಿ ಸಾಂಬಾರೇ ಇಲ್ಲ, ಆ ಮಾತು ಬೇರೆ.)

"ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ರಜ ಕಣಪ್ಪ, ಅವತ್ತು ಅಲ್ಲಿ ನಿನ್ನ ಬೋರ್ಡು ಇಡು" ಎಂದೆ. ಈಗ ಶುಕ್ರವಾರ ಮೂರು ಮೇಜು ತುಂಬುತ್ತವೆ. ಬೈಟೂ ಇನ್ನೂ ಶುರುವಾಗಿಲ್ಲ.