ಪೆಟ್ಟು ತಿನ್ನುವವರ ಪರವಾಗಿ

ಗೆಲ್ಲುವವರನ್ನು ನೋಡಲಿಕ್ಕೆ ದುಡ್ಡು ಕೊಟ್ಟು ಸಿನೆಮಾಕ್ಕೆ ಹೋಗಬೇಕೆಂದಿಲ್ಲ. ನಮ್ಮ ಫ್ಲ್ಯಾಟಿನ ಅಸೋಸಿಯೇಶನ್ ಮೀಟಿಂಗಿಗೆ ಹೋದರೆ ಸಾಕು. ಎರಡನೇ ಮಹಡಿಯವರು ಪ್ರತಿ ಸಲವೂ ಗೆಲ್ಲುತ್ತಾರೆ, ಅದೂ ಪುಕ್ಕಟೆಯಾಗಿ. ನಾನು ಟಿಕೆಟ್ ತೆಗೆಯುವುದು ಪೆಟ್ಟು ತಿನ್ನುವವನಿಗಾಗಿ. ಹುಬ್ಬು ಒಡೆದು, ಒಂದು ಕಣ್ಣು ಬಾತು ಮುಚ್ಚಿ, ಮೂಲೆಯ ಸ್ಟೂಲಿನಲ್ಲಿ ಕೂತು ಬಕೆಟಿಗೆ ಉಗಿಯುವವನು ಪರದೆಯ ಮೇಲೆ ಕಂಡರೆ ನನಗೆ ಪರಮ ಸಂತೋಷ. ಬರೆದು ನೋಡಿದರೆ ಸ್ವಲ್ಪ ಕ್ರೂರವಾಗಿಯೇ ಕಾಣುತ್ತದೆ. ಬಾಕ್ಸಿಂಗ್ ಸಿನೆಮಾದ ಅಭಿಮಾನಿಗಳೆಲ್ಲ ಒಳಗೊಳಗೆ ಇಷ್ಟೇ ಕ್ರೂರರು, ಹೇಳಿಕೊಳ್ಳುವುದಿಲ್ಲ ಅಷ್ಟೆ.

1976ರ ‘ರಾಕಿ’ ನೋಡಿದವರಲ್ಲಿ ಅನೇಕರು ಕೊನೆಗೆ ರಾಕಿ ಗೆದ್ದ ಎಂದೇ ನಂಬಿದ್ದಾರೆ. ಈ ನಂಬಿಕೆಯ ಮೇಲೆ ಬಾಜಿ ಕಟ್ಟಿ ನಾನು ಎಷ್ಟೋ ಪ್ಲೇಟ್ ಗೋಳಿಬಜೆ ಸಂಪಾದಿಸಿದ್ದೇನೆ. ಗೆಲ್ಲುವುದು ಅಪೊಲೊ ಕ್ರೀಡ್. ತೀರ್ಪುಗಾರರಲ್ಲೇ ಒಮ್ಮತವಿಲ್ಲ, ಆದರೂ ಗೆಲುವು ಗೆಲುವೇ. ರಾಕಿಗೆ ಬೇಕಾದದ್ದು ಬೇರೆ: 15 ಸುತ್ತು ಮುಗಿದು ಗಂಟೆ ಬಾರಿಸುವಾಗ ತಾನು ಕಾಲ ಮೇಲೆ ನಿಂತಿರಬೇಕು. ಸಿಲ್ವೆಸ್ಟರ್ ಸ್ಟಲೋನ್‌ಗೆ ಈ ಕತೆ ಹೊಳೆದದ್ದೂ ಒಬ್ಬ ಸೋತವನಿಂದ. 1975ರಲ್ಲಿ ಚಕ್ ವೆಪ್ನರ್ ಎಂಬಾತ ಮಹಮ್ಮದ್ ಅಲಿಯ ಎದುರು ನಿಂತ. ಒಂಬತ್ತನೇ ಸುತ್ತಿನಲ್ಲಿ ಅಲಿಯನ್ನೇ ಒಮ್ಮೆ ನೆಲಕ್ಕೆ ಕೂರಿಸಿದ. ಕೊನೆಯ ಸುತ್ತು ಮುಗಿಯಲು 19 ಸೆಕೆಂಡ್ ಇರುವಾಗ ತಾನೇ ಬಿದ್ದ. ಆ 19 ಸೆಕೆಂಡಿನ ಸಾಲವನ್ನು ಸ್ಟಲೋನ್ ಸಿನೆಮಾ ಮಾಡಿ ತೀರಿಸಿದ, ಅದಕ್ಕೆ ಶ್ರೇಷ್ಠ ಚಿತ್ರದ ಆಸ್ಕರ್ ಬಂತು. ನಮ್ಮ ‘ಮುಕ್ಕಾಬಾಝ್’ ಇನ್ನೂ ಒಂದು ಹೆಜ್ಜೆ ಮುಂದೆ: ಅಲ್ಲಿ ನಾಯಕ ಗೆಲ್ಲಬಲ್ಲ, ಮನೆಯವರಿಗಾಗಿ ಬೇಕೆಂದೇ ಸೋಲುತ್ತಾನೆ. ಅಂಥದ್ದನ್ನು ನೋಡಿ ಹೊರಗೆ ಬಂದ ಮೇಲೆ ಎರಡು ದಿನ ನಾನು ಮನೆಯಲ್ಲಿ ಯಾವ ವಾದಕ್ಕೂ ಇಳಿಯುವುದಿಲ್ಲ. ಗೆಲ್ಲಬಲ್ಲೆ ಎಂಬುದು ನನಗೆ ಗೊತ್ತಿದ್ದರೆ ಸಾಕು.

ಬಾಕ್ಸಿಂಗ್ ಸಿನೆಮಾ ಎಂದ ಮೇಲೆ ತಾಲೀಮಿನ ಹಾಡೊಂದು ಕಡ್ಡಾಯ. ಮಂಗಳೂರಿನಲ್ಲಿ ಅದನ್ನು ತೆಗೆಯುವುದು ಕಷ್ಟ. ರಾಕಿ ಓಡುವುದು ಕೊರೆಯುವ ಚಳಿಯಲ್ಲಿ. ಬೆವರು ಬಂದರೆ ಅದು ಶ್ರಮದ್ದೇ ಎಂದು ಪ್ರೇಕ್ಷಕನಿಗೆ ಗೊತ್ತಾಗುತ್ತದೆ. ಇಲ್ಲಿ ಏಪ್ರಿಲ್ ತಿಂಗಳಲ್ಲಿ ಕೂತು ಪೇಪರ್ ಓದಿದರೂ ಬನಿಯನ್ ಒದ್ದೆ. ಜೂನ್ ನಂತರ ಓಡುವವನ ಕೈಯಲ್ಲಿ ಕೊಡೆ ಇರುತ್ತದೆ, ಕೊಡೆ ಹಿಡಿದು ಓಡುವವನಿಗೆ ಯಾವ ಸಂಗೀತವೂ ಹೊಂದುವುದಿಲ್ಲ. ರಾಕಿ ಫಿಲಡೆಲ್ಫಿಯಾದ ಮ್ಯೂಸಿಯಂ ಎದುರಿನ 72 ಮೆಟ್ಟಿಲು ಹತ್ತಿ ಎರಡೂ ಕೈ ಎತ್ತುತ್ತಾನೆ. ನಮಗೆ ಕದ್ರಿ ಗುಡ್ಡದಲ್ಲಿ ಜೋಗಿ ಮಠದ ಕಡೆಗೆ ಹತ್ತುವ ಮೆಟ್ಟಿಲುಗಳಿವೆ. ಅಲ್ಲಿ ಮೇಲೆ ನಿಂತು ಏದುಸಿರು ಬಿಡುತ್ತಾ ಎರಡೂ ಕೈ ಎತ್ತಿದ್ದೇನೆ ನಾನು. ಹೂವಿನ ಬುಟ್ಟಿ ಹಿಡಿದು ಇಳಿಯುತ್ತಿದ್ದ ಅಜ್ಜಿಯೊಬ್ಬರು ನಿಂತು, ಕನಿಕರದಿಂದ, “ಹರಕೆ ಉಂಟಾ ಮಗಾ?” ಎಂದು ಕೇಳಿದರು. ಉಂಟು ಅಜ್ಜೀ ಎಂದೆ.

ಇಷ್ಟೆಲ್ಲ ಪೀಠಿಕೆ ಸುನಿಲ್ ಶೆಟ್ಟಿಯವರಿಗಾಗಿ. ಹುಟ್ಟಿದ್ದು ಇಲ್ಲೇ ಮೂಲ್ಕಿಯಲ್ಲಿ, 1961ರಲ್ಲಿ, ಬೆಳೆದದ್ದು ಮುಂಬಯಿ. ಕಿಕ್‌ಬಾಕ್ಸಿಂಗ್‌ನಲ್ಲಿ ಬ್ಲ್ಯಾಕ್ ಬೆಲ್ಟ್. 1992ರಲ್ಲಿ ‘ಬಲವಾನ್’ ಬಂದಾಗ ನಾವೆಲ್ಲ ಊರಿನ ಹುಡುಗ ಎಂಬ ಒಂದೇ ಕಾರಣಕ್ಕೆ ಶಿಳ್ಳೆ ಹೊಡೆದವರು. ವಿಮರ್ಶಕರು ಮಾತ್ರ ಮುಖದಲ್ಲಿ ಭಾವವೇ ಇಲ್ಲ ಎಂದರು. ಅಲ್ಲ, ಭಾವ ಮುಖದಲ್ಲೇ ಯಾಕೆ ಬರಬೇಕು? ತೋಳಿನಲ್ಲಿ ಬಂದರೆ ಆಗುವುದಿಲ್ಲವೆ? ಅವರ ತೋಳಿನಲ್ಲಿ ಕರುಣ, ರೌದ್ರ, ವೀರ ಮೂರೂ ಇದ್ದವು. ಶೃಂಗಾರ ಸ್ವಲ್ಪ ಕಷ್ಟವಾಗುತ್ತಿತ್ತು, ಒಪ್ಪುತ್ತೇನೆ.

ಆದರೆ ನನ್ನ ಅಭಿಮಾನದ ನಿಜವಾದ ಗುಟ್ಟು ಬೇರೆ. ನಮ್ಮ ಸುನಿಲ್ ಅಣ್ಣನ ಸಿನೆಮಾಗಳನ್ನು ಸಾಲಾಗಿ ನೋಡಿ: ಮಳೆಯಲ್ಲಿ ನೆನೆಯುವ ಭಾಗ್ಯ ಇವರಿಗೆ ಸಿಕ್ಕಿದ್ದೇ ಅಪರೂಪ. 1994ರ ‘ಮೋಹ್ರಾ’ದಲ್ಲಿ ರವೀನಾ ಮತ್ತು ಮಳೆ ಎರಡೂ ಅಕ್ಷಯ್ ಕುಮಾರ್ ಪಾಲಿಗೆ, ಅಣ್ಣನಿಗೆ ಜೈಲು. ಅದೇ ವರ್ಷದ ‘ದಿಲ್‌ವಾಲೆ’ಯಲ್ಲಿ ರವೀನಾ ಅಜಯ್ ದೇವಗನ್‌ಗೆ, ಅಣ್ಣನಿಗೆ ತ್ಯಾಗ. ‘ಬಾರ್ಡರ್’ನಲ್ಲಿ ಟ್ಯಾಂಕು ಉಡಾಯಿಸಿ ಪ್ರಾಣವನ್ನೇ ಬಿಟ್ಟರು. ‘ಹೇರಾ ಫೇರಿ’ಯಲ್ಲಿ ದುಡಿದದ್ದು ಮೂವರಾದರೂ ನಗುವನ್ನೆಲ್ಲ ಪರೇಶ್ ರಾವಲ್ ಬಾಚಿಕೊಂಡು ಹೋದರು. 2000ದ ‘ಧಡಕನ್’ ಅಂತೂ ಪರಾಕಾಷ್ಠೆ: ಶಿಲ್ಪಾ ಶೆಟ್ಟಿಯನ್ನು ಜೀವ ಬಿಟ್ಟು ಪ್ರೀತಿಸಿದರು, ಅವಳು ಅಕ್ಷಯ್ ಕುಮಾರ್ ಮನೆಯಲ್ಲೇ ಉಳಿದಳು, ಫಿಲ್ಮ್‌ಫೇರ್‌ನವರು ಇವರನ್ನು ಕರೆದು ಶ್ರೇಷ್ಠ ಖಳನಾಯಕ ಪ್ರಶಸ್ತಿ ಕೊಟ್ಟರು. ಪ್ರೀತಿಸಿದ ತಪ್ಪಿಗೆ ಖಳನಾಯಕ! ಟಿವಿಯಲ್ಲಿ ಅದನ್ನು ನೋಡಿದ ನಮ್ಮ ಅತ್ತೆಗೆ ಮಾತ್ರ ಏನೂ ಆಶ್ಚರ್ಯವಾಗಲಿಲ್ಲ. “ಇಬ್ಬರೂ ಶೆಟ್ಟಿಗಳಲ್ವಾ? ಬರಿ ಒಂದೇ ಆಗಿರ್ಬೇಕು. ಮತ್ತೆ ಹೇಗೆ ಮದುವೆ ಮಾಡುವುದು?” ಬಂಟರಲ್ಲಿ ಒಂದೇ ಬರಿಯವರು, ಅಂದರೆ ತಾಯಿಯ ಕಡೆಯಿಂದ ಒಂದೇ ಕುಲದವರು, ಮದುವೆಯಾಗುವಂತಿಲ್ಲ. ನಿರ್ದೇಶಕರು ನಮ್ಮ ಅತ್ತೆಯನ್ನೊಮ್ಮೆ ಕೇಳಿದ್ದರೆ ಎರಡೂವರೆ ಗಂಟೆ ಉಳಿಯುತ್ತಿತ್ತು.

ಹೀಗೆ ಸುತ್ತು ಸುತ್ತಿಗೂ ಪೆಟ್ಟು ತಿಂದ ಮನುಷ್ಯ 2019ರ ‘ಪೈಲ್ವಾನ್’ನಲ್ಲಿ ಕನ್ನಡಕ್ಕೆ ಬಂದು ಸುದೀಪ್‌ಗೆ ಗುರುವಾಗಿ ನಿಂತಾಗ ನನಗೆ ಗಂಟಲು ಕಟ್ಟಿತು. ಅನಾಥ ಹುಡುಗನನ್ನು ಸಾಕಿ ಕುಸ್ತಿಪಟು ಮಾಡುವ ಸರ್ಕಾರ್ ಪಾತ್ರ. ಸಾಕಿದ ಮಗ ಮಾತು ತಪ್ಪಿ ಮದುವೆಯಾಗುತ್ತಾನೆ, ಆಮೇಲೆ ಕುಸ್ತಿಯ ಮಣ್ಣು ಬಿಟ್ಟು ಬಾಕ್ಸಿಂಗ್ ರಿಂಗಿಗೆ ಹತ್ತುತ್ತಾನೆ. ಇಲ್ಲೂ ಅಣ್ಣನಿಗೆ ನೋವೇ! ನಾವು ನೋಡಿದ್ದು ಬಿಜೈಯ ಮಲ್ಟಿಪ್ಲೆಕ್ಸಿನಲ್ಲಿ. ಶಿಳ್ಳೆ ಹೊಡೆದರೆ ಪಕ್ಕದ ಸೀಟಿನ ಪಾಪ್‌ಕಾರ್ನಿನವರು ತಿರುಗಿ ನೋಡುವ ಜಾಗ ಅದು. ಜ್ಯೋತಿ ಟಾಕೀಸ್ ಹೋದ ಮೇಲೆ ಈ ಊರಿನಲ್ಲಿ ಧೈರ್ಯವಾಗಿ ಶಿಳ್ಳೆ ಹೊಡೆಯುವವನು ಬಸ್ಸಿನ ಕಂಡಕ್ಟರ್ ಒಬ್ಬನೇ. ಆ ಸ್ಟಾಪ್ ಬಂದಾಗ ಅವನು ಈಗಲೂ “ಜ್ಯೋತಿ, ಜ್ಯೋತಿ” ಎಂದೇ ಕೂಗುತ್ತಾನೆ. ಎಂಟು ಸಲ ಬಿದ್ದು ಎದ್ದ ಸುದೀಪ್‌ನನ್ನು ನೋಡಿ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದಳು: “ಅಷ್ಟು ಪೆಟ್ಟು ಬಿದ್ದರೂ ಅವನು ಏಳ್ತಾನೆ ಮಾರಾಯ್ರೆ. ನಿಮಗೆ ಬೆಳಿಗ್ಗೆ ಹಾಲು ತರ್ಲಿಕ್ಕೆ ಮೂರು ಸಲ ಕರೀಬೇಕು.”

ಪೆಟ್ಟು ತಿನ್ನುವ ಕಲೆಯಲ್ಲಿ ನಮ್ಮ ಕರಾವಳಿಗೆ ಇನ್ನೂ ಹಳೆಯ ಹಕ್ಕು ಉಂಟು. ಫೈಟರ್ ಶೆಟ್ಟಿ ಎಂದೇ ಹೆಸರಾದ ಎಂ. ಬಿ. ಶೆಟ್ಟಿ ಹಿಂದಿ ಸಿನೆಮಾದ ಹೊಡೆದಾಟಗಳನ್ನು ಸಂಯೋಜಿಸುತ್ತಿದ್ದವರು; ಆ ಬೋಳು ತಲೆ, ಆ ನೋಟ ಮರೆಯುವಂಥದ್ದಲ್ಲ. ಅವರ ಕಸುಬೇ ಸೋಲುವುದು. 1978ರ ‘ತ್ರಿಶೂಲ್’ನಲ್ಲಿ ಒಂದು ಖಾಲಿ ಜಾಗ ಹಿಡಿದು ಕೂತ ಮಾಧೋ ಸಿಂಗ್ ಅವರೇ. ಅಮಿತಾಭ್ ಬಚ್ಚನ್ ಬರುವಾಗಲೇ ಆಂಬುಲೆನ್ಸ್ ಜೊತೆಯಲ್ಲಿ ತರುತ್ತಾರೆ. ನಮ್ಮಲ್ಲಿ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದರೂ ಮುಗಿಯದ ಜಾಗದ ತಕರಾರು ಅಲ್ಲಿ ಐದು ನಿಮಿಷದಲ್ಲಿ ಇತ್ಯರ್ಥ! ಆದರೆ ಗಮನಿಸಿ ನೋಡಿ: ಅಮಿತಾಭರ ಪೆಟ್ಟಿಗೆ ತೂಕ ಬರುವುದು ಶೆಟ್ಟರು ಬೀಳುವ ಗತ್ತಿನಿಂದ. ಅಷ್ಟು ದೊಡ್ಡ ದೇಹ ಅಷ್ಟು ನಂಬುವ ಹಾಗೆ ಬಿದ್ದದ್ದರಿಂದಲೇ ತೆಳ್ಳಗಿನ ನಾಯಕ ಶೂರನಾದ. ಬೀಳಲು ಬಾರದವನನ್ನು ಹೊಡೆದು ಯಾರೂ ಸೂಪರ್‌ಸ್ಟಾರ್ ಆಗಲಿಲ್ಲ. ಶೆಟ್ಟರು 1982ರಲ್ಲಿ ತೀರಿಕೊಂಡರು. ಮಗ ರೋಹಿತ್ ಶೆಟ್ಟಿ ದೊಡ್ಡವನಾಗಿ ‘ಸಿಂಘಂ’ ತೆಗೆದು ಕಾರು, ಜೀಪುಗಳನ್ನು ಆಕಾಶಕ್ಕೆ ಎಸೆಯತೊಡಗಿದ. ಅಪ್ಪನನ್ನು ಎಸೆದವರ ಮೇಲೆ ಮಗ ತೀರಿಸಿಕೊಂಡ ಸೇಡು ಅದು ಎಂದು ನನ್ನ ಖಚಿತ ಅಭಿಪ್ರಾಯ.

ಸೋಲನ್ನು ಅಷ್ಟು ಗತ್ತಿನಿಂದ ಸ್ವೀಕರಿಸಲು ಎಲ್ಲರಿಗೂ ಬರುವುದಿಲ್ಲ. ನಮ್ಮ ಅವಿಭಜಿತ ಜಿಲ್ಲೆಯಲ್ಲಿ ಹುಟ್ಟಿದ ಬ್ಯಾಂಕುಗಳನ್ನೇ ನೋಡಿ: 2019ರಲ್ಲಿ ವಿಜಯಾ, ಮರುವರ್ಷ ಸಿಂಡಿಕೇಟ್, ಕಾರ್ಪೊರೇಶನ್ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಹೋದವು. ರೆಫರಿ ದಿಲ್ಲಿಯಲ್ಲಿ ಕೂತು ಹತ್ತು ಎಣಿಸಿದ. ಇಲ್ಲಿ ನಮ್ಮ ಮಾವನಂಥ ನಿವೃತ್ತ ಮ್ಯಾನೇಜರುಗಳು ಇವತ್ತಿಗೂ ಹಳೆಯ ಪಾಸ್‌ಬುಕ್ಕನ್ನು ಕಪಾಟಿನಿಂದ ತೆಗೆದು ಒರೆಸಿಡುತ್ತಾರೆ.

ಇನ್ನು ನಿಜವಾದ ಸಿನೆಮಾ ನಮ್ಮ ಬಾಗಿಲಿಗೇ ಬಂದು ಹಿಂದೆ ಹೋದ ಕತೆ. 2020ರ ಫೆಬ್ರವರಿ, ಮೂಲ್ಕಿ ಹತ್ತಿರದ ಐಕಳ ಕಂಬಳ. ಶ್ರೀನಿವಾಸ ಗೌಡ ಕೋಣಗಳ ಹಿಂದೆ ಕೆಸರಿನಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ 100 ಮೀಟರಿಗೆ 9.55 ಎಂದರು, ಉಸೇನ್ ಬೋಲ್ಟ್‌ನ 9.58 ಹಿಂದೆ ಬಿತ್ತು. ಲೋಕವೆಲ್ಲ ಹುಚ್ಚೆದ್ದಿತು. ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ಬಡ ಕೂಲಿಯವನು, ಬರಿಗಾಲು, ದಿಲ್ಲಿಯ ಕರೆ! ಸ್ಟಲೋನ್ ಇದ್ದಿದ್ದರೆ ಇಂಟರ್‌ವಲ್ ಕಾರ್ಡ್ ಹಾಕಿಯೇ ಬಿಡುತ್ತಿದ್ದ. ನಾನು ಮನಸ್ಸಿನಲ್ಲೇ ತಾಲೀಮಿನ ಹಾಡು ಸುರು ಮಾಡಿದ್ದೆ. ಆದರೆ ಗೌಡರು, ಕಂಬಳದಲ್ಲಿ ಓಡುವುದು ಹಿಮ್ಮಡಿಯ ಮೇಲೆ, ಟ್ರ್ಯಾಕಿನಲ್ಲಿ ಬೆರಳಿನ ಮೇಲೆ, ಅದು ಬೇರೆ ಇದು ಬೇರೆ, ಕೀರ್ತಿಯಲ್ಲಿ ಕೋಣಗಳಿಗೂ ಪಾಲುಂಟು ಎಂದು ಹೇಳಿ ಟ್ರಯಲ್ಸ್‌ಗೆ ಹೋಗಲೇ ಇಲ್ಲ. ಕಂಬಳದ ಸೀಸನ್ ಇನ್ನೂ ಮುಗಿದಿರಲಿಲ್ಲ.

ಇಂಥ ಕತೆಯನ್ನು ಅರ್ಧಕ್ಕೇ ಬಿಟ್ಟರಲ್ಲ ಎಂದು ನಾನು ರಾತ್ರಿ ಊಟದ ಹೊತ್ತಿಗೂ ಹಲುಬುತ್ತಿದ್ದೆ. ಹೆಂಡತಿ ಬಂಗುಡೆಯ ಮುಳ್ಳು ಬಿಡಿಸುತ್ತಾ ಕೇಳಿದಳು:

“ಅಲ್ಲ, ಮುಂದೆ ಓಡಿದ್ದು ಕೋಣಗಳಲ್ವಾ? ಅವನ್ನು ಯಾಕೆ ಟ್ರಯಲ್ಸ್‌ಗೆ ಕರೀಲಿಲ್ಲ?”