ಮೀನು ಅಲ್ಲೇ ಇದೆಯಂತೆ

ವಾಲ್‌ಐ ಮೀನು ಸರೋವರದಲ್ಲಿರುತ್ತದೆ. ಇದರಾಚೆಗೆ ಅದರ ವಿಳಾಸದ ಬಗ್ಗೆ ಯಾವ ಇಬ್ಬರು ಗಾಳಗಾರರಲ್ಲೂ ಒಮ್ಮತವಿಲ್ಲ. ಅಮೆರಿಕದ ಮಿನ್ನೆಸೋಟಾ ರಾಜ್ಯ 1965ರಲ್ಲಿ ಇದನ್ನು ರಾಜ್ಯ ಮೀನೆಂದು ಘೋಷಿಸಿತು. ಅಲ್ಲಿನ ವಾಹನಗಳ ನಂಬರ್ ಪ್ಲೇಟಿನ ಮೇಲೆ ಹತ್ತು ಸಾವಿರ ಸರೋವರಗಳೆಂದು ಬರೆದಿರುತ್ತದೆ; ಸರ್ಕಾರಿ ಲೆಕ್ಕದಲ್ಲಿರುವುದು 11,842. ಗಾಳಗಾರರ ನಾಡೊಂದು ಅಳತೆಯನ್ನು ಕಡಿಮೆ ಹೇಳಿದ್ದು ಬಹುಶಃ ಇದೊಂದೇ ಸಲ. ಕೆನಡಾ ಗಡಿಯ ಬಾಡೆಟ್ ಎಂಬ ಊರಿನಲ್ಲಿ 1959ರಿಂದ ನಲವತ್ತು ಅಡಿಯ ವಾಲ್‌ಐ ನಿಂತಿದೆ. ಹುಡುಕದೆ ಸಿಗುವ ವಾಲ್‌ಐ ಅದೊಂದೇ.

ಹಿಮ ಕರಗಿ ನೀರು ಆರೇಳು ಡಿಗ್ರಿ ಸೆಲ್ಸಿಯಸ್ಸಿಗೆ ಏರಿದಾಗ ಈ ಮೀನು ಜಲ್ಲಿಕಲ್ಲಿನ ದಡಗಳಿಗೆ, ಸರೋವರ ಸೇರುವ ಹೊಳೆಗಳಿಗೆ ಬಂದು ರಾತ್ರಿ ಹೊತ್ತು ಮೊಟ್ಟೆಯಿಡುತ್ತದೆ. ಗೂಡು ಕಟ್ಟುವ, ಕಾವಲು ಕಾಯುವ ರಗಳೆ ಅದಕ್ಕಿಲ್ಲ. ಮೊಟ್ಟೆ ಚೆಲ್ಲಿದ ಹೆಣ್ಣು ದೊಡ್ಡ ನೀರಿಗೆ ಸರಿದು ಕೆಲದಿನ ಸುಮ್ಮನಿದ್ದುಬಿಡುತ್ತದೆ; ಗಂಡುಗಳು ಮಾತ್ರ ಅಲ್ಲೇ ಸುಳಿದಾಡುತ್ತಿರುತ್ತವೆ. ಮೇ ಎರಡನೇ ಶನಿವಾರದ ಆಸುಪಾಸಿನಲ್ಲಿ, ನಡುರಾತ್ರಿ ಹನ್ನೆರಡು ದಾಟಿದ್ದೇ ತಡ, ಮೀನುಗಾರಿಕೆಯ ಋತು ತೆರೆದುಕೊಳ್ಳುತ್ತದೆ. ಬಹುಪಾಲು ವರ್ಷಗಳಲ್ಲಿ ಮರುದಿನವೇ ಅಮ್ಮಂದಿರ ದಿನ. ಅಮ್ಮನೋ ಮೀನೋ ಎಂಬ ಧರ್ಮಸಂಕಟವನ್ನು ರಾಜ್ಯ ಜಾಣತನದಿಂದ ಬಗೆಹರಿಸಿದೆ: ಆ ಎರಡು ದಿನ ರಾಜ್ಯದ ತಾಯಂದಿರು ಪರವಾನಗಿಯಿಲ್ಲದೆ ಗಾಳ ಹಾಕಬಹುದು. ಅಮ್ಮ ದೋಣಿಯಲ್ಲಿರುತ್ತಾಳೆ, ಬಹುಮಟ್ಟಿಗೆ ಚಳಿಗೆ ಮುದುಡಿಯೂ ಇರುತ್ತಾಳೆ.

ಋತುವಿನ ಮೊದಲ ದಿನಗಳಲ್ಲಿ ಎರಡು ಮೂರು ಮೀಟರ್ ಆಳದ ನೀರೇ ಸಾಕು. ಕಪ್ಪು ತಳದ, ಬೇಗ ಬೆಚ್ಚಗಾಗುವ ಕೊಲ್ಲಿಗಳಿಗೆ ಸಣ್ಣ ಮೀನುಗಳು ಬರುತ್ತವೆ. ಅವುಗಳ ಹಿಂದೆ ವಾಲ್‌ಐ ಬರುತ್ತದೆ. ಉಳಿದದ್ದನ್ನು ಅದರ ಕಣ್ಣು ತೀರ್ಮಾನಿಸುತ್ತದೆ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಪದರವೊಂದಿದ್ದು, ಮಬ್ಬಿನಲ್ಲೂ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಅದರ ಊಟವಾದ ಪರ್ಚ್ ಮೀನಿಗೆ ಆ ಹೊತ್ತಿನಲ್ಲಿ ಅಷ್ಟು ಕಾಣುವುದಿಲ್ಲ. ಹಾಗಾಗಿ ಬಿಸಿಲಿನಲ್ಲಿ ನುಣ್ಣಗೆ ಹೊಳೆಯುವ ಸರೋವರ ಚಿತ್ರ ತೆಗೆಯುವವರಿಗೆ ಮಾತ್ರ. ಗಾಳಗಾರರಿಗೆ ಬೇಕಾದದ್ದು ಮೋಡ, ಮುಸ್ಸಂಜೆ, ದಡಕ್ಕೆ ಅಪ್ಪಳಿಸುವ ಗಾಳಿ. ಅಲೆಯೆದ್ದು ನೀರು ಕಲಕಿ ದೋಣಿಯವರ ಹೊಟ್ಟೆ ತೊಳಸುವ ಹವೆಯನ್ನೇ ಅಲ್ಲಿ ಒಳ್ಳೆಯ ಹವೆ ಎನ್ನುತ್ತಾರೆ.

ಜೂನ್ ಬಂತೆಂದರೆ ಎರೆ ಬದಲಾಗುತ್ತದೆ. ಮಿನ್ನೋ ಎಂಬ ಸಣ್ಣ ಮೀನಿನ ಬದಲು ಜಿಗಣೆ. ಮನುಷ್ಯರ ರಕ್ತಕ್ಕೆ ಬೀಳದ ಈ ಜಾತಿಯ ಜಿಗಣೆಯನ್ನು ಡಜನ್ ಲೆಕ್ಕದಲ್ಲಿ ಕೊಂಡು, ಡಬ್ಬಿಯಲ್ಲಿ ನೀರು ಹಾಕಿ, ಮನೆಯ ಫ್ರಿಜ್ಜಿನಲ್ಲಿ ಹಾಲಿನ ಪಕ್ಕದಲ್ಲಿಡುತ್ತಾರೆ. ಈ ವಿಷಯದಲ್ಲಿ ಮನೆಯವರ ಅಭಿಪ್ರಾಯವನ್ನು ಮೀನುಗಾರಿಕೆಯ ಪುಸ್ತಕಗಳು ದಾಖಲಿಸಿಲ್ಲ.

ಜಿಗಣೆಯನ್ನು ನೀರಿಗಿಳಿಸುವ ಪ್ರಸಿದ್ಧ ಸಲಕರಣೆ ಲಿಂಡಿ ರಿಗ್. ದಾರದಲ್ಲಿ ಸಲೀಸಾಗಿ ಜಾರುವ ಸೀಸದ ಗುಂಡು, ಅದರ ಹಿಂದೆ ಒಂದು ಮಾರು ದಾರ, ತುದಿಯಲ್ಲಿ ಕೊಕ್ಕೆ. ರೀಲಿನ ತಡೆ ತೆರೆದು ದಾರವನ್ನು ತೋರುಬೆರಳಿನ ಮೇಲೆ ಹಿಡಿಯಬೇಕು. ಗುಂಡು ತಳದ ಕಲ್ಲುಗಳ ಮೇಲೆ ಟಕ್, ಟಕ್, ಟಕ್ ಎನ್ನುತ್ತ ಸಾಗುತ್ತದೆ. ಆಮೇಲೊಂದು ಟಕ್ ಬರುತ್ತದೆ, ಉಳಿದವುಗಳ ಹಾಗಲ್ಲದ್ದು. ಟಕ್ ಕೂಡ ಅಲ್ಲ, ಬೆರಳಿನ ಮೇಲೆ ಯಾರೋ ಭಾರವಿಟ್ಟ ಹಾಗೆ. ಗಾಳಗಾರ ಉಸಿರು ಬಿಗಿಹಿಡಿಯುತ್ತಾನೆ. ವಾಲ್‌ಐ ಎರೆಯನ್ನು ಗಬಕ್ಕನೆ ನುಂಗುವ ಮೀನಲ್ಲ. ನೆಂಟರ ಮನೆಯಲ್ಲಿ ಬೇಡ ಬೇಡವೆನ್ನುತ್ತಲೇ ಎರಡನೇ ಹೋಳಿಗೆಗೆ ಎಲೆ ಒಡ್ಡುವವರ ಪೈಕಿ. ಬೆರಳು ಸಡಿಲಿಸಬೇಕು, ದಾರ ಹರಿಯಬೇಕು, ಎಣಿಸಬೇಕು. ಎಷ್ಟು ಎಣಿಸಬೇಕೆಂಬಲ್ಲಿ ಪಂಥಗಳಿವೆ. ಐದು ಸಾಕೆನ್ನುವವರು ಆತುರಗಾರರೆಂದೂ ಮೂವತ್ತೆನ್ನುವವರು ವೇದಾಂತಿಗಳೆಂದೂ ಪರಸ್ಪರರ ತಿಳುವಳಿಕೆ. ಏಳಕ್ಕೆ ಸಂಶಯ ಹುಟ್ಟುತ್ತದೆ. ಹನ್ನೊಂದಕ್ಕೆ ದೋಣಿಯಲ್ಲಿ ಯಾರೋ ಏನೋ ಕೇಳುತ್ತಾರೆ; ಉತ್ತರವಾಗಿ ಒಂದು ಕೈ ಮೇಲೇಳುತ್ತದೆ, ಸುಮ್ಮನಿರಿ ಎಂದು. ಹದಿನಾಲ್ಕಕ್ಕೆ ದಾರ ನಿಲ್ಲುತ್ತದೆ. ತಿನ್ನುತ್ತಿದೆಯೇ, ಬಿಟ್ಟಿತೇ, ಯೋಚಿಸುತ್ತಿದೆಯೇ? ಇಪ್ಪತ್ತಕ್ಕೆ ದಾರ ಬಿಗಿಮಾಡಿ, ಮೊಣಕೈ ಹಿಂದಕ್ಕೆಳೆದು, ಇಡೀ ಮೈಯಿಂದ ಜಗ್ಗುತ್ತಾನೆ. ಗಾಳ ಬಿಲ್ಲಿನಂತೆ ಬಾಗುತ್ತದೆ. ಬಾಗಿಯೇ ಇರುತ್ತದೆ. ತುದಿಯಲ್ಲಿರುವ ಬಂಡೆ ಹಿಮಯುಗದಿಂದಲೂ ಅಲ್ಲಿಯೇ ಇದ್ದದ್ದು. ಯಾರ ಎಣಿಕೆಗೂ ಕದಲುವಂಥದ್ದಲ್ಲ.

ಈ ವಿದ್ಯೆಯಲ್ಲಿ ಸೋತವರು ಸರಳವಾದ ದಾರಿ ಹಿಡಿಯುತ್ತಾರೆ, ದೋಣಿಗಳು ಗುಂಪುಗೂಡಿದ ಕಡೆಗೆ ದೋಣಿ ತಿರುಗಿಸುತ್ತಾರೆ. ಆ ಗುಂಪು ಕೂಡಿದ್ದೂ ಹೀಗೆಯೇ. ಎಲ್ಲಿ ಹಿಡಿದಿರಿ ಎಂದು ಕೇಳಿದರೆ ಬರುವ ಹಳೆಯ ಉತ್ತರ: ಬಾಯಲ್ಲಿ.

ಸೋನಾರ್ ಯಂತ್ರವಿಲ್ಲದೆ ಮೀನಿನ ವಿಳಾಸ ಬಲ್ಲವರು ಈ ಸೀಮೆಯ ಮೂಲನಿವಾಸಿಗಳಾದ ಓಜಿಬ್ವೆ ಜನ. ವಸಂತದ ರಾತ್ರಿ ದೊಂದಿ ಹಿಡಿದು ಹೊರಟರೆ ನೀರಿನಲ್ಲಿ ಮೀನಿನ ಕಣ್ಣುಗಳು ಹೊಳೆಯುತ್ತಿದ್ದವು, ಭರ್ಜಿ ಹಾಕುತ್ತಿದ್ದರು. ವಿಸ್ಕಾನ್ಸಿನ್ ರಾಜ್ಯದ ಲ್ಯಾಕ್ ಡು ಫ್ಲಾಂಬೊ ಊರಿಗೆ ಆ ದೊಂದಿಗಳಿಂದಲೇ ಫ್ರೆಂಚರು ಹೆಸರಿಟ್ಟರು. 1837 ಮತ್ತು 1842ರ ಒಪ್ಪಂದಗಳಲ್ಲಿ ನೆಲ ಬಿಟ್ಟುಕೊಟ್ಟರೂ ಬೇಟೆಯ, ಮೀನುಗಾರಿಕೆಯ ಹಕ್ಕನ್ನು ಅವರು ಉಳಿಸಿಕೊಂಡಿದ್ದರು. 1983ರಲ್ಲಿ ಫೆಡರಲ್ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ದಶಕದ ಕೊನೆಯ ವಸಂತಗಳಲ್ಲಿ ದೋಣಿ ಇಳಿಸುವ ಕಟ್ಟೆಗಳ ಮೇಲೆ ಜನ ಸೇರಿ ಅವರ ಮೇಲೆ ಕಲ್ಲೆಸೆದರು, ಜನಾಂಗದ ಹೆಸರೆತ್ತಿ ಬೈದರು. ಮೀನಿನ ಸಂತತಿಯೇ ಅಳಿಯುತ್ತದೆಂಬುದು ಕೊಟ್ಟ ಕಾರಣ. ಭರ್ಜಿಯಿಂದ ಸಂತತಿಗೆ ಹಾನಿಯಾಗಿಲ್ಲವೆಂದು 1991ರ ಜಂಟಿ ವರದಿ ಹೇಳಿತು. ತಮ್ಮ ಖಾಲಿ ಬುಟ್ಟಿಗೆ ಇನ್ನೊಬ್ಬರನ್ನು ಹೊಣೆ ಮಾಡುವ ಗಾಳಗಾರರ ಚಾಳಿ ಯಾವಾಗಲೂ ನಗು ತರಿಸುವಂಥದ್ದಲ್ಲ.

ಜೂನ್ ನಡುವಿಗೆ ವಾಲ್‌ಐ ಜೊಂಡಿನ ಅಂಚಿಗೆ ಸರಿಯುತ್ತದೆ, ಬಳಿಕ ನಡುನೀರಿನ ದಿಬ್ಬಗಳಿಗೆ, ಮಿನ್ನೆಸೋಟಾದ ಮಿಲ್ ಲ್ಯಾಕ್ಸ್ ಸರೋವರದಂಥ ಕಡೆ ಏಳೆಂಟು ಮೀಟರ್ ಆಳದ ಕೆಸರಿನ ಬಯಲಿಗೆ. ಆ ಸರೋವರದಲ್ಲಿ 2005ರಲ್ಲಿ ಜೀಬ್ರಾ ಮಸೆಲ್ ಎಂಬ ಹೊರಗಿನ ಚಿಪ್ಪುಜೀವಿ ಕಾಣಿಸಿಕೊಂಡು, ನೀರನ್ನು ಸೋಸಿ ಸೋಸಿ ತಿಳಿಯಾಗಿಸಿದೆ. ಬೆಳಕಿಗೆ ಹೆದರುವ ಮೀನು ಹಗಲಲ್ಲಿ ಇನ್ನಷ್ಟು ಕೆಳಗೆ. ತಿಂಗಳ ಕೊನೆಗೆ ಅದೇ ಕೆಸರಿನಿಂದ ಮೇಫ್ಲೈ ಹುಳುಗಳ ಮರಿಗಳು ಲೆಕ್ಕವಿಲ್ಲದಷ್ಟು ಮೇಲೇಳುತ್ತವೆ. ವಾಲ್‌ಐ ಆಗ ಎಲ್ಲಿದೆಯೆಂದು ಸೋನಾರ್ ಪರದೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದು ಹೊಟ್ಟೆ ಬಿರಿಯೆ ಪುಕ್ಕಟೆ ಹುಳು ತಿನ್ನುತ್ತಿರುತ್ತದೆ. ಡಜನ್ನಿಗೆ ಕಾಸು ಕೊಟ್ಟು ತಂದ ಜಿಗಣೆ ಅದರ ಮೂಗಿನ ಮುಂದೆಯೇ ಹಾದುಹೋಗುತ್ತದೆ.